ಹಿತ್ತಲ ಮನೆಗೆ ಆಲ್ಟರೇಷನ್

ಟೈಲರಜ್ಜನಿಗೆ ಜೀವಮಾನದಲ್ಲಿ ಬಾಯಿಗೆ ಬಾರದ ಮಾತು ಒಂದೇ, 'ಆಗಲ್ಲ'. ಯಾರು ಎಂಥ ಬಟ್ಟೆ ತಂದರೂ "ಅದಕ್ಕೇನಂತೆ, ಆಲ್ಟರ್ ಮಾಡೋಣ" ಎನ್ನುತ್ತಲೇ ಅಂಗಡಿ ನಡೆಸಿದವನು. ಈಗ ಅಂಗಡಿಯಿಲ್ಲ. ಮಗಳ ಮನೆಯ ಮಹಡಿಯಲ್ಲೊಂದು ಕೋಣೆ, ಹೊಲಿಗೆ ಮೆಷಿನ್ನು, ಮೆಟ್ಟಿಲು ಕಂಡರೆ ಮುಷ್ಕರ ಹೂಡುವ ಎರಡು ಮಂಡಿಗಳು, ಇಷ್ಟೇ ಆಸ್ತಿ. ಕೆಳಗೂ ಒಂದು ಕೋಣೆಯಿತ್ತು. ಆದರೆ ಅಳಿಯ ಕೂಡಿಟ್ಟ ಹಳೇ ಸೈಕಲ್ಲು, ಮುರುಕು ಫ್ಯಾನುಗಳು ಅಜ್ಜನಿಗಿಂತ ಮೊದಲೇ ಅಲ್ಲಿ ತಳವೂರಿದ್ದವು.

ಅಷ್ಟರಲ್ಲಿ ನಗರಸಭೆಯವರು ಹೊಸ ನಿಯಮ ತಂದರು. ಇಷ್ಟು ಕಾಲ ಒಂದು ಸೈಟಿಗೆ ಒಂದೇ ಮನೆ. ಇನ್ನು ಮೇಲೆ ವಯಸ್ಸಾದವರಿಗಾಗಿ ಹಿತ್ತಲಲ್ಲಿ ಇನ್ನೊಂದು ಪುಟ್ಟ ಮನೆ ಕಟ್ಟಬಹುದು. ನೆರೆಯವರ ತಕರಾರು ಮಾತ್ರ ಇರಬಾರದು. ಮೆಟ್ಟಿಲೇ ಇಲ್ಲದ ಮನೆ! ಅಜ್ಜ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲೇ ಒಂದು ರಟ್ಟಿನ ಮೇಲೆ ನಕ್ಷೆ ಬರೆದ. ಸಂಜೆ ನಗರಸಭೆಯ ಇಂಜಿನಿಯರು ನೋಡಲು ಬರುವವರಿದ್ದರು. ಅಷ್ಟರೊಳಗೆ ಎಲ್ಲರನ್ನೂ ಒಪ್ಪಿಸೋಣವೆಂದು ಬೆಳಿಗ್ಗೆಯೇ ಹೊರಟ.

"ನಿಮ್ಮ ಕಿಟಕಿ ನಮ್ಮ ಬಚ್ಚಲಿಗೆ ಎದುರಾಗುತ್ತಲ್ಲಜ್ಜಾ," ಎಂದರು ಎಡಮನೆಯ ಹಲ್ಲಿನ ಡಾಕ್ಟರು. "ಸ್ನಾನ ಮಾಡ್ವಾಗ ನಾನು ಹಾಡ್ತೀನಿ."

"ನಾನು ಕಿವಿ ಮುಚ್ಕೋತೀನಿ ಡಾಕ್ಟ್ರೇ."

"ಆದ್ರೂ ನನಗೆ ನಾಚಿಕೆ ಕಣಜ್ಜಾ."

ಅಜ್ಜ ನಕ್ಷೆಯಲ್ಲಿದ್ದ ಕಿಟಕಿಯನ್ನು ಅಂಗಿಯ ತುದಿಯಿಂದ ಒರೆಸಿಹಾಕಿದ.

ಹಿಂದಿನ ಮನೆಯ ಗುಲಾಬಿಯಮ್ಮನಿಗೆ ಗಿಡಗಳ ಚಿಂತೆ. "ನನ್ನ ಗುಲಾಬಿಗೆ ಬಿಸಿಲು ತಪ್ಪುತ್ತೆ. ಸೂರು ಸ್ವಲ್ಪ ತಗ್ಗಿಸಿ."

"ನಿಂತ್ರೆ ತಲೆ ತಾಗುತ್ತಲ್ಲಮ್ಮಾ!"

"ಈ ವಯಸ್ಸಲ್ಲಿ ನಿಂತ್ಕೊಂಡು ಏನ್ ಮಾಡ್ತೀರಿ? ಆರಾಮಾಗಿ ಕೂತ್ಕೊಳ್ಳಿ!"

ಅಜ್ಜ ಪ್ಯಾಂಟಿನ ತುದಿ ಮಡಚಿದಂತೆ ಮನೆಯನ್ನೂ ಮಡಚಿದ.

ಬಲಮನೆಯಲ್ಲಿದ್ದವರು ನಿವೃತ್ತ ಹೆಡ್‌ಮೇಡಂ. ಬಾಗಿಲು ಅಗಲವಾದರೆ ತಮ್ಮ ನಾಯಿ ಬೊಗಳುತ್ತದೆ ಎಂದರು. ಅಜ್ಜ ಬಾಗಿಲನ್ನು ಎರಡೂ ಕಡೆ ಒಳಗೆ ಹಿಡಿದು ಕಿರಿದಾಗಿಸಿದ. ಅಷ್ಟಕ್ಕೇ ಮುಗಿಯಲಿಲ್ಲ.

"ಗೋಡೆಯಾಚೆ ಒಬ್ಬ ಗಂಡಸು ಸುಮ್ನೆ ಕೂತಿದ್ರೆ ನನಗೇನ್ರೀ ಉಪಯೋಗ? ನಿಮ್ಮಕ್ಕ ನನ್ನ ಜೊತೆ ಓದಿದವಳು. ಅವಳೂ ಬರ್ತಾಳೇನು?"

"ಅದಕ್ಕೇನಂತೆ ಮೇಡಂ, ಬರ್ತಾಳೆ!" ಎಂದುಬಿಟ್ಟ ಅಜ್ಜ. ಪಾಪ, ಅಕ್ಕನಿಗೆ ಇದರ ಸುಳಿವೇ ಇರಲಿಲ್ಲ.

ಸಂಜೆ ಇಂಜಿನಿಯರು ನಕ್ಷೆಯನ್ನು ಉದ್ದ ಅಡ್ಡ ತಿರುಗಿಸಿ ನೋಡಿದರು. "ಕಿಟಕಿ ಇಲ್ಲ. ನೆಟ್ಟಗೆ ನಿಲ್ಲೋ ಹಾಗಿಲ್ಲ. ಒಳಗೆ ಹೋಗ್ಬೇಕಂದ್ರೆ ಅಡ್ಡಡ್ಡ ನಡೀಬೇಕು. ಇದು ಮನೆಯಲ್ಲ ಅಜ್ಜಾ, ಸಾಮಾನಿಡೋ ಗೂಡು! ಗೂಡಿಗಾದ್ರೆ ಈಗ್ಲೇ ಒಪ್ಪಿಗೆ ಕೊಡ್ತೀನಿ. ಮನೇನೇ ಬೇಕಂದ್ರೆ ಮತ್ತೆ ಎಲ್ಲರನ್ನೂ ಒಪ್ಪಿಸ್ಕೊಂಡು ಬನ್ನಿ."

ಮತ್ತೆ ಎಲ್ಲರನ್ನೂ! ಅಜ್ಜ ಅಲ್ಲೇ ಕುಸಿದು ಕೂತ. ಆದರೆ ಮಗಳು ಚಪ್ಪಾಳೆ ತಟ್ಟಿದಳು. "ಒಳ್ಳೇದೇ ಆಯ್ತಪ್ಪಾ! ಇವ್ರ ಗುಜರಿಯೆಲ್ಲ ಆ ಗೂಡಿಗೆ ಹೋಗ್ಲಿ. ಕೆಳಗಿನ ಕೋಣೆ ಖಾಲಿಯಾಗುತ್ತೆ, ನೀನು ಇಳಿದು ಬಂದ್ಬಿಡು."

ಅಯ್ಯೋ, ಇದು ಮೊದಲೇ ಹೊಳೆಯಬಾರದಿತ್ತೇ! ಅಜ್ಜನ ಕಣ್ಣು ತುಂಬಿ ಬಂತು. ಆಗಲೇ ಫೋನು ಹೊಡೆದುಕೊಂಡಿತು. ಅಕ್ಕ.

"ಹೆಡ್‌ಮೇಡಂ ಎಲ್ಲಾ ಹೇಳಿದ್ಲು ಕಣೋ! ನನ್ನನ್ನೂ ಕರೆಸ್ಕೋಬೇಕು ಅಂತ ಮನೇನೇ ಕಟ್ಟಿಸ್ತಿದ್ದೀಯಂತೆ. ಇಲ್ಲಿ ಮೂರು ಮಹಡಿ ಹತ್ತಿ ಹತ್ತಿ ನನ್ನ ಮಂಡಿ ಸವೆದೇಹೋಯ್ತು. ಬಟ್ಟೆ ಗಂಟು ಕಟ್ಟಾಯ್ತು, ನಾಳೇನೇ ಬರ್ತೀನಿ."

"ಅಕ್ಕಾ, ಮನೆ ಆಗ್ಲಿಲ್ಲ... ಕೆಳಗಿನ ಕೋಣೆ ಒಂದು..."

"ಅಷ್ಟು ಸಾಕು ಬಿಡೋ, ನಾನೇನು ಅರಮನೆ ಕೇಳಿದ್ನಾ? ನೀನು ಚಿಕ್ಕವನು, ಮಹಡಿ ಹತ್ತಿ ಇಳೀತೀಯ."

ಎಪ್ಪತ್ತು ದಾಟಿದ ಚಿಕ್ಕವನ ನಾಲಿಗೆಯ ತುದಿಗೆ 'ಆಗಲ್ಲ' ಬಂದು ನಿಂತಿತು. ಆದರೆ ಅಕ್ಕನ ದನಿಯಲ್ಲಿ ಅಂಥ ಸಂತೋಷವನ್ನು ಅವನು ಕೇಳಿ ಎಷ್ಟೋ ವರ್ಷವಾಗಿತ್ತು.

"ಅದಕ್ಕೇನಂತೆ ಅಕ್ಕಾ, ಬಾ," ಎಂದ.

"ನನ್ನ ಬಟ್ಟೆಯೆಲ್ಲ ಬಿಗಿಯಾಗಿದೆ ಕಣೋ, ಸಡಿಲ ಮಾಡ್ಕೊಡು. ಮೆಷಿನ್ನು ಮೇಲೇ ತಾನೇ ಇರೋದು? ಒಂದೊಂದೇ ಹೊಲಿದು, ಕೆಳಗೆ ತಂದು ತೋರಿಸ್ತಿರು."