ಹೋಳಿಗೆ ತಟ್ಟೆಯ ತಪಾಸಣೆ

ನಳದ ನೀರು ಬರುವ ದಿನ ನಮ್ಮ ಓಣಿಯಲ್ಲಿ ಕೋಳಿಗಿಂತ ಮೊದಲು ಕೊಡಗಳು ಏಳುತ್ತವೆ. ಬಸವನ ಬಾಗೇವಾಡಿಗೆ ಸೊಸೆಯಾಗಿ ಬಂದ ಮೇಲೆ ನಾನು ಕಲಿತ ಮೊದಲ ಪಾಠ ಇದು. ಆ ಬೆಳಿಗ್ಗೆಯೂ ಅಂಗಳ ಗುಡಿಸಿ, ರಂಗೋಲಿ ಎಳೆದು, ಚಹಾಕ್ಕೆ ಇಟ್ಟು, ಕೊಡವನ್ನು ನಳದ ಕೆಳಗೆ ಕೂಡಿಸಿದೆ. ನೀರು ಬಂತು. ಬಂತು ಎನ್ನುವುದು ನನ್ನ ದೊಡ್ಡ ಮನಸ್ಸು; ಹೊಲಿಗೆಯ ದಾರದಷ್ಟು ಇಳಿಯಿತು. ಮರುದಿನ ಬಸುರಿ ಮಗಳ ಕುಬಸ, ಅಂದರೆ ಸೀಮಂತ. ಊಟಕ್ಕೆ ಅರವತ್ತು ಜನ. ಹಿತ್ತಲಿನ ಡ್ರಮ್ಮು ಬಡಿದರೆ ತಮಟೆಯಂತೆ ಸದ್ದು ಮಾಡುತ್ತಿತ್ತು.

ಒಳಗೆ ನಮ್ಮ ಯಜಮಾನರು, ನಿವೃತ್ತ ಇತಿಹಾಸದ ಮಾಸ್ತರು, ಟಿವಿಯ ಮುಂದೆ ಯುದ್ಧದಲ್ಲಿದ್ದರು. ದೂರದ ಯಾವುದೋ ದೇಶ ಗುಟ್ಟಾಗಿ ಅಣುಬಾಂಬು ಮಾಡುತ್ತಿದೆಯಂತೆ. ಕೇಳಿದರೆ ‘ನಮ್ಮದು ಬರೀ ಕರೆಂಟಿಗೆ’ ಎನ್ನುತ್ತದಂತೆ. ಕೋಟು ತೊಟ್ಟ ನಾಲ್ವರು ‘ದಾಳಿ, ದಾಳಿ’ ಎಂದು ಕೂಗುತ್ತಿದ್ದರು. ‘ಮಾತಾಡಿ ನೋಡೋಣ’ ಎಂದ ಐದನೆಯವನ ತುಟಿ ಅಲುಗುತ್ತಿತ್ತು, ದನಿ ಮಾತ್ರ ಬರುತ್ತಿರಲಿಲ್ಲ.

“ಹಾರಿಸಿಬಿಡಬೇಕು ನೋಡು! ಮಾತಾಡ್ಕೋಂತ ಕುಂತ್ರ ಅವ್ರು ಬಾಂಬ್ ಮಾಡೇಬಿಡ್ತಾರ,” ಎಂದರು.

“ನಳದಾಗ ನೀರಿಲ್ರಿ,” ಎಂದೆ.

ಅವರ ಕಣ್ಣು ಮಿನುಗಿತು. ಶತ್ರು ಇಷ್ಟು ಹತ್ತಿರ ಸಿಕ್ಕರೆ ದೂರದ ದೇಶ ಯಾರಿಗೆ ಬೇಕು? “ಬಾಜೂಕಿನ ನೀಲಕ್ಕ ಮೋಟಾರ್ ಹಚ್ಯಾಳ!”

ನಳಕ್ಕೆ ನೇರ ಮೋಟಾರು ಹಚ್ಚಿ ಎಲ್ಲರ ಪಾಲಿನ ನೀರು ಎಳೆದುಕೊಳ್ಳುವುದು ನಮ್ಮ ಓಣಿಯ ಮಹಾಪಾಪ. ನೀಲಕ್ಕನ ಹಿತ್ತಲಲ್ಲಿ ಗೋಣಿಚೀಲ ಹೊದ್ದ ಗುಂಡನೆಯ ಆಕಾರವೊಂದನ್ನು ನಾನೂ ಗೋಡೆಯ ಮೇಲಿಂದ ನೋಡಿದ್ದೆ. ಯಜಮಾನರು ಗರಗಸ ಹುಡುಕತೊಡಗಿದರು. “ಪೈಪ ಕೊಯ್ದ ಬಿಡ್ತೇನಿ!”

“ಕೊಯ್ರಿ. ನಮ್ಮ ಮನಿಗೂ ಅದ ಪೈಪ ಬರ್ತೈತಿ.”

ಬಾಂಬು ಹಾಕುವವರಿಗೂ ಇಷ್ಟು ಹೇಳುವ ಹೆಂಡತಿಯೊಬ್ಬಳು ಬೇಕು. ವಿಷದ ಬೂದಿ ಗಡಿ ಕೇಳಿಕೊಂಡು ಹಾರುವುದಿಲ್ಲ. ಮೋಟಾರು ಒಡೆದರೆ ಪೇಟೆಯಲ್ಲಿ ಇನ್ನೊಂದು ಸಿಗುತ್ತದೆ. ಸಿಟ್ಟಿಗೆ ಕೊಂಡದ್ದು ಮೊದಲಿನದಕ್ಕಿಂತ ದೊಡ್ಡದೇ ಇರುತ್ತದೆ. ನಾನು ಓದಿದ ಕಾನ್ವೆಂಟಿನಲ್ಲಿ ಬಕೆಟ್ಟಿಗಾಗಿ ಜಗಳವಾಡಿದ ಇಬ್ಬರನ್ನು ಸಿಸ್ಟರು ಹೊಡೆಯುತ್ತಿರಲಿಲ್ಲ. ಒಂದೇ ತಟ್ಟೆಯಲ್ಲಿ ಊಟಕ್ಕೆ ಕೂಡಿಸುತ್ತಿದ್ದರು. ಎರಡನೆಯ ತುತ್ತಿಗೆ ‘ಉಪ್ಪು ಕೊಡು’ ಎನ್ನಲೇಬೇಕಾಗುತ್ತಿತ್ತು. ಊಟ ಮುಗಿಯುವಷ್ಟರಲ್ಲಿ ಇಬ್ಬರೂ ಸೇರಿ ಸಿಸ್ಟರನ್ನೇ ಬೈಯುತ್ತಿದ್ದೆವು.

ಕುಬಸಕ್ಕೆಂದು ಮಾಡಿದ್ದ ಶೇಂಗಾ ಹೋಳಿಗೆ ನಾಲ್ಕನ್ನು ತಟ್ಟೆಗೆ ಹಾಕಿ, ಮೇಲೊಂದು ತಟ್ಟೆ ಮುಚ್ಚಿ ಹೊರಟೆ. ನಮ್ಮ ಕಡೆ ಮುಚ್ಚಿದ ತಟ್ಟೆ ಹಿಡಿದವಳನ್ನು ಬಾಗಿಲಲ್ಲಿ ನಿಲ್ಲಿಸುವಂತಿಲ್ಲ. ಅಡುಗೆಮನೆ, ಅಲ್ಲಿಂದ ಹಿತ್ತಲು, ಎಲ್ಲವೂ ತೆರೆಯುತ್ತದೆ. ಯಾವ ದೇಶದ ಅಣು ತಪಾಸಣಾಧಿಕಾರಿಗೂ ಈ ಸವಲತ್ತಿಲ್ಲ.

“ಬರ್ರಿ ವೈನಿ,” ಎಂದಳು ನೀಲಕ್ಕ. “ಹೊತ್ತು ಏರೂಕಿಂತ ಮೊದಲ ಹೋಳಿಗಿ ಬಂತಂದ್ರ ಏನೋ ಕೇಳಾಕ ಬಂದೀರಿ.”

“ಆ ಚೀಲದ ಕೆಳಗ ಏನೈತಿ, ನೀಲಕ್ಕ?”

“ಮೋಟಾರ್ ಐತ್ರಿ. ಮ್ಯಾಲಿನ ಟಾಕಿಗೆ ನೀರು ಏರಸಾಕ ಅಷ್ಟ.”

“ಈಗ ನಳಕ್ಕ ಹಚ್ಚಿದಂಗ ಕಾಣಸ್ತೈತಿ.”

ಅವಳು ಹೋಳಿಗೆ ಮುರಿದಳು. “ಎಲ್ಲಾರೂ ಹಚ್ಚತಾರಂತ ನಾನೂ ಹಚ್ಚೇನಿ. ನಾ ಒಬ್ಬಾಕಿ ಬಿಟ್ರ ನನ್ನ ಕೊಡ ಯಾರು ತುಂಬತಾರ?”

“ನಾಳೆ ಮಗಳ ಕುಬಸ. ಅರವತ್ತು ಮಂದಿ ಬರ್ತಾರವಾ.”

“ಗೊತ್ತೈತ್ರಿ. ಓಣಿಗೆಲ್ಲಾ ಕುಂಕುಮ ಬಂತು. ನಮ್ಮ ಬಾಗಲಾ ಒಂದ ಕಾಣಲಿಲ್ಲೇನು ನಿಮಗ?”

ಪಕ್ಕದ ಮನೆ, ಎಂದಾದರೂ ಕರೆದರಾಯಿತು ಎಂದುಕೊಂಡು ಮರೆತೇಬಿಟ್ಟಿದ್ದೆ. ಓಡಿಹೋಗಿ ಕುಂಕುಮದ ಬಟ್ಟಲು ತಂದು ಅವಳ ಹಣೆಗೆ ಹಚ್ಚಿ ಕರೆದೆ. ಅವಳು ಎದ್ದು ಮೋಟಾರಿನ ವೈರು ಕಿತ್ತಳು. ಒಪ್ಪಂದವೂ ಅಲ್ಲೇ ಆಯಿತು: ನೀರಿನ ದಿನ ನಳಕ್ಕೆ ಯಾರೂ ಮೋಟಾರು ಹಚ್ಚಬಾರದು; ಒಬ್ಬರ ಹಿತ್ತಲಿಗೆ ಇನ್ನೊಬ್ಬರು ಯಾವಾಗ ಬೇಕಾದರೂ, ಕೇಳದೆ ಬರಬಹುದು.

ನಮ್ಮ ನಳದ ದಾರ ಹೆಬ್ಬೆರಳಾಯಿತು. ಡ್ರಮ್ಮು ತುಂಬಿತು. ಯಜಮಾನರು ಗರಗಸವನ್ನು ಮೆತ್ತಗೆ ಅಟ್ಟಕ್ಕೆ ಸೇರಿಸಿದರು. ನಾನು ದಿನವಿಡೀ ಶಾಂತಿದೂತಳಂತೆ ಸೆರಗು ಹೊದ್ದು ಓಡಾಡಿದೆ. ಆ ಕೋಟಿನವರ ನಡುವೆ ನನಗೂ ಒಂದು ಕುರ್ಚಿ ಹಾಕಬೇಕಿತ್ತು ಎಂದು ಒಂದೆರಡು ಸಲ ಅನ್ನಿಸಿದ್ದೂ ನಿಜ. ಒಂದೇ ಒಂದು ಸಣ್ಣ ಸಂಗತಿಯನ್ನು ಮಾತುಕತೆಯಲ್ಲಿ ಹೇಳಿರಲಿಲ್ಲ. ಯಜಮಾನರಿಗೂ ಹೇಳಿಲ್ಲ, ಇಲ್ಲಿಯವರೆಗೆ ನಿಮಗೂ ಹೇಳಿಲ್ಲ. ಹೋದ ಬೇಸಿಗೆಯಲ್ಲಿ ತವರಿನ ತಮ್ಮನಿಂದ ತರಿಸಿಕೊಂಡದ್ದೊಂದು ನಮ್ಮ ಹಿತ್ತಲಿನ ಬಚ್ಚಲಿನಲ್ಲಿ, ಕಟ್ಟಿಗೆಯ ಹಿಂದಿದೆ. ಹಚ್ಚಿದ್ದು ಎರಡೇ ಸಲ. ಅದೂ ಬಹಳ ಶಾಂತಿಯಿಂದ.

ಸಂಜೆ ಹಿತ್ತಲ ಬಾಗಿಲಿನಿಂದ ನೀಲಕ್ಕ ಬಂದಳು. ತಟ್ಟೆಯನ್ನು ಖಾಲಿ ಹಿಂದಿರುಗಿಸಬಾರದಲ್ಲ. ಅವಳ ತವರೂರಾದ ಇಂಡಿ ಪಟ್ಟಣದ ಲಿಂಬೆಕಾಯಿ ಉಪ್ಪಿನಕಾಯಿ ಹಾಕಿ ತಂದಿದ್ದಳು. ಕಟ್ಟೆಯ ಮೇಲಿಟ್ಟು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹೊರಟವಳು ಹೊಸ್ತಿಲಲ್ಲಿ ನೆನಪಾದಂತೆ ತಿರುಗಿದಳು.

“ವೈನಿ, ಬಚ್ಚಲದಾಗ ಪಸಿ ಭಾಳ ಐತ್ರಿ. ಕಟ್ಟಿಗಿ ಹಿಂದಿಂದಕ್ಕ ಒಂದು ಪ್ಲಾಸ್ಟಿಕ್ ಹಾಳಿ ಹೊಚ್ಚರಿ, ತುಕ್ಕ ಹಿಡೀತೈತಿ.”