ಮೂರು ಮೇರೆ ಮಡುವಿನ ಮೊಸಳೆಯವರ ಗೈರುಹಾಜರಿ ಕುರಿತು

ಮಾನ್ಯ ಮೊಸಳೆಯವರ ಸನ್ನಿಧಿಗೆ,
ಮೂರು ಮೇರೆ ಮಡು,
ರಾಯಚೂರು, ದೇವದುರ್ಗ ಮತ್ತು ಮಾನ್ವಿ ತಾಲ್ಲೂಕುಗಳ ಗಡಿ ಕೂಡುವ ಸ್ಥಳ.
(ಮಡು ಯಾವ ತಾಲ್ಲೂಕಿಗೆ ಸೇರಿದ್ದೆಂಬುದು ಇನ್ನೂ ಇತ್ಯರ್ಥವಾಗಿಲ್ಲದ್ದರಿಂದ ಪಿನ್ ಕೋಡ್ ಬರೆದಿಲ್ಲ. ಮನ್ನಿಸಬೇಕು.)

ಮಾನ್ಯರೇ,

ತಮ್ಮ ಹಲ್ಲುಗಳು ಸುಸ್ಥಿತಿಯಲ್ಲಿವೆಯೆಂದೂ, ಈ ವರ್ಷದ ಬಿಸಿಲು ತಮ್ಮ ಬಾಲವನ್ನು ಬಾಧಿಸಿಲ್ಲವೆಂದೂ, ಮಡುವಿನ ತಣ್ಣನೆಯ ಕೆಸರಿನಲ್ಲಿ ತಾವು ಸುಖವಾಗಿ ಪವಡಿಸಿದ್ದೀರೆಂದೂ ನಂಬಿ ಈ ಪತ್ರ ಬರೆಯುತ್ತಿದ್ದೇನೆ. ನಂಬಿ ಎಂದೇಕೆ ಹೇಳಿದೆನೆಂದರೆ, ನೋಡಿ ಬರೆಯುವ ಭಾಗ್ಯವನ್ನು ತಾವು ಈವರೆಗೆ ನನಗಾಗಲಿ, ನನ್ನ ಪರಿಚಯದ ಯಾರಿಗೇ ಆಗಲಿ ಕರುಣಿಸಿಲ್ಲ. ನನ್ನ ತಕರಾರೂ ಅದೇ.

ನನ್ನ ಪರಿಚಯ ಹೇಳಿಕೊಳ್ಳುವುದು ಸಭ್ಯತೆ. ನಾನು ರಾಯಚೂರು ನಗರದ ನಿವಾಸಿ, ಭೂಮಾಪನ ಕಚೇರಿಯಿಂದ ನಿವೃತ್ತನಾದವನು. ತಾವು ನೆಲೆಸಿರುವ ಮಡುವಿನ ದಂಡೆಯಲ್ಲಿ ಮೂರು ತಾಲ್ಲೂಕುಗಳ ಗಡಿಯನ್ನು ತೋರಿಸುವ ಒಂದು ಕಲ್ಲಿದೆಯಷ್ಟೆ, ಅದನ್ನು ನಾನು ನಲವತ್ತು ವರ್ಷಗಳಿಂದ ಬಲ್ಲೆ. ಈ ಅವಧಿಯಲ್ಲಿ ಅದು ಯಾರೂ ನೋಡದಾಗ ನಾಲ್ಕು ಸಲ ಸ್ಥಳ ಬದಲಾಯಿಸಿದೆ. ಮೀನು ಹಿಡಿಯುವ ಹರಾಜಿನ ಮಾತು ಬಂದಾಗ ಮಡು ಮೂರೂ ಕಡೆಯವರ ಸ್ವಂತ ಆಸ್ತಿ, ಹೂಳೆತ್ತುವ ಮಾತು ಬಂದಾಗ ಅದು ಪಕ್ಕದ ತಾಲ್ಲೂಕಿನದು. ಹೀಗಾಗಿ ಆ ಕಲ್ಲು ತಮಗಿಂತ ಹೆಚ್ಚು ಓಡಾಡಿದೆ ಎಂದರೆ ತಾವು ಬೇಸರಪಡಬಾರದು.

ಗಬ್ಬೂರಿನ ಕಡೆಯಿಂದ ಒಂದು, ಕಲ್ಲೂರಿನ ಕಡೆಯಿಂದ ಒಂದು, ರಾಯಚೂರಿನ ಕಡೆಯಿಂದ ಒಂದು, ಹೀಗೆ ಮೂರು ಹಳ್ಳಗಳು ಬಂದು ಕೂಡುವ ಈ ಮಡು ಹಿಂದೆ ಹೇಗಿತ್ತೆಂಬುದು ತಮಗೆ ತಿಳಿದಿರಲಾರದು. ಎಪ್ಪತ್ತೆರಡರ ಬರದಲ್ಲಿ ನಾನು ತಾಯಿಯ ತವರಾದ ಕಲ್ಲೂರಿನಲ್ಲಿದ್ದೆ. ಸುತ್ತಲಿನ ಬಾವಿಗಳೆಲ್ಲ ಬತ್ತಿದರೂ ಮಡುವಿನ ಉಸುಕಿನಲ್ಲಿ ಮೊಣಕಾಲುದ್ದ ಗುಂಡಿ ತೋಡಿದರೆ ತಿಳಿನೀರು ಒಸರುತ್ತಿತ್ತು. ಆ ನೀರನ್ನು ಮೂರು ಕಡೆಯ ಜನ ಪಾಳಿಯ ಮೇಲೆ ಕಾದರು. ಮೊದಲು ಕೊಡ, ಆಮೇಲೆ ಕುರಿ, ಕೊನೆಗೆ ಎತ್ತು ಎಂಬುದೊಂದೇ ಕಟ್ಟಳೆ. ಅದನ್ನು ಯಾರೂ ಎಲ್ಲಿಯೂ ಬರೆದಿಡಲಿಲ್ಲ, ಆದ್ದರಿಂದ ಎಲ್ಲರೂ ಪಾಲಿಸಿದರು.

ಈಗ ಬರೆದಿಡುವ ಕಾಲ. ಮೂರು ವರ್ಷಗಳ ಹಿಂದೆ ಮೂರೂ ಊರುಗಳ ಗಣ್ಯರು ಸೇರಿ ಮೂರು ಮೇರೆ ಮಡು ಸಂರಕ್ಷಣಾ ಜಂಟಿ ಸಮಿತಿಯನ್ನು ರಚಿಸಿದರು. ಮೊದಲ ಎರಡು ಸಭೆಗಳು ಫಲಕದ ಮೇಲೆ ಯಾವ ಊರಿನ ಹೆಸರು ಮೊದಲು ಬರಬೇಕೆಂಬ ಚರ್ಚೆಗೆ ಮೀಸಲಾದವು. ಕೊನೆಗೆ ಮೂರು ಮುಖದ ಫಲಕವನ್ನು ಮಾಡಿಸಿ, ಒಂದೊಂದು ಮುಖದಲ್ಲಿ ಒಂದೊಂದು ಊರಿನ ಹೆಸರನ್ನು ಮೊದಲು ಬರೆಸುವ ಜಾಣ ಪರಿಹಾರ ಕಂಡುಕೊಂಡರು. 'ಇಲ್ಲಿ ಉಸುಕು ತೆಗೆಯಬಾರದು' ಎಂದು ಸಾರುವ ಆ ಫಲಕದ ಬುಡಕ್ಕೆ ಹಾಕಿದ ಕಾಂಕ್ರೀಟಿನ ಉಸುಕನ್ನು ಮಡುವಿನಿಂದಲೇ ತೆಗೆಯಲಾಯಿತು, ದೂರದಿಂದ ತರುವುದು ದುಂದುವೆಚ್ಚವೆಂದು. ಮುಂದಿನ ಸಭೆಗಳಲ್ಲಿ ಪ್ರತಿಯೊಂದು ಊರೂ ತನ್ನ ಗಡಿಯೊಳಗೆ ಕಸ ಹಾಕುವಂತಿಲ್ಲ ಎಂದು ಒಮ್ಮತದಿಂದ ಠರಾವು ಮಾಡಿತು. ಅಂದಿನಿಂದ ಮೂರೂ ಕಡೆಯ ಕೋಳಿ ಪುಚ್ಚ, ಗಿರಣಿ ಬೂದಿ, ಹರಿದ ಫ್ಲೆಕ್ಸು ಎಲ್ಲವೂ ಗಡಿಕಲ್ಲಿನ ಆಚೆಗೆ ಬೀಳತೊಡಗಿದವು. ಮೂರೂ ಕಡೆಗೆ ಆಚೆ ಎಂದರೆ ಮಡುವೇ.

ಇಂಥ ಹೊತ್ತಿನಲ್ಲಿ, ಮಾನ್ಯರೇ, ತಾವು ದಯಮಾಡಿಸಿದಿರಿ.

ಸಂಕ್ರಾಂತಿ ಕಳೆದ ಮರುವಾರ ಗಬ್ಬೂರಿನ ಕಡೆಯ ಕುರಿಗಾರತಿ ಬೂದೆಮ್ಮ ತನ್ನ ಎಂಬತ್ತು ಕುರಿಗಳನ್ನು ನೀರಿಗೆ ಹೊಡೆದುಕೊಂಡು ಹೋದವಳು ನೀರು ಕುಡಿಸದೆಯೇ ಅಟ್ಟಿಕೊಂಡು ಬಂದಳು. ಬಸ್ಸಿಗೆ ಕಾದು ನಿಂತಿದ್ದ ಜನರ ಮುಂದೆ ಆಕೆ ಹೇಳಿದ ಮಾತನ್ನು ಕೇಳಿದವರು ನನಗೆ ಹಾಗೆಯೇ ಒಪ್ಪಿಸಿದ್ದಾರೆ: "ನೀರಾಗ ಒಂದು ಕೊರಡು ಬಿದ್ದಿತ್ತರೀ ಯಪ್ಪಾ. ಬಿದ್ದಿರಲಿ ಬಿಡು ಅಂತ ನೋಡಿದ್ರ, ಕೊರಡು ಕಣ್ಣು ಮುಚ್ಚಿ ತೆಗೀತರೀ."

ಮರುದಿನ ದಂಡೆಯ ಕೆಸರಿನಲ್ಲಿ ಬಾಲ ಎಳೆದ ಗುರುತು ಮೂಡಿತು. ಮೂರನೆಯ ದಿನಕ್ಕೆ ಉಸುಕಿನ ಟ್ರ್ಯಾಕ್ಟರುಗಳು ನಿಂತವು. ಕೋಳಿ ಪುಚ್ಚದ ಚೀಲಗಳು ಬರಲಿಲ್ಲ. ಕಲ್ಲೂರಿನ ಅಕ್ಕಿ ಗಿರಣಿಯ ಧಣಿಯೂ ಜಂಟಿ ಸಮಿತಿಯ ಹಿರಿಯ ಸದಸ್ಯರೂ ಆದ ಹಾಲೇಶ ಅವರ ಬೂದಿ ಗಾಡಿ ಅರ್ಧ ದಾರಿಯಿಂದ ಹಿಂದಿರುಗಿತು. ಏಳು ಸಭೆಗಳು, ಎರಡು ಜಾಥಾ ಮತ್ತು ಮೂರು ಮುಖದ ಒಂದು ಫಲಕ ಮಾಡದ ಕೆಲಸವನ್ನು ತಾವು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ, ಒಂದೂ ಭಾಷಣ ಮಾಡದೆ, ಹಾರ ಶಾಲುಗಳನ್ನು ನಿರೀಕ್ಷಿಸದೆ ಮುಗಿಸಿದಿರಿ. ಎರಡು ತಿಂಗಳಲ್ಲಿ ನೀರು ತಿಳಿಯಾಯಿತು, ಉಸುಕಿನಲ್ಲಿ ಮತ್ತೆ ಒರತೆ ಕಂಡಿತು, ನಾನು ಬಾಲ್ಯದಲ್ಲಿ ಕಂಡಿದ್ದ ಕೊಕ್ಕರೆಗಳು ಬಂದಿಳಿದವು. ಬೂದೆಮ್ಮನ ಕುರಿಗಳು ಮಾತ್ರ ತಮ್ಮ ಭಯವಿಲ್ಲದೆ ದಿನವೂ ನೀರು ಕುಡಿದು ಬರುತ್ತಿದ್ದವು. ಒಂದು ಮರಿಯೂ ಕಾಣೆಯಾಗಲಿಲ್ಲ. ತಮ್ಮ ಈ ಸಸ್ಯಾಹಾರವನ್ನು ಕಂಡು ನಮ್ಮ ಕಡೆಯ ಶರಣರು ಸಂತೋಷಪಟ್ಟಿದ್ದಾರೆ.

ಆಗ ಜಂಟಿ ಸಮಿತಿಯ ಎಂಟನೆಯ ಸಭೆ ನಡೆಯಿತು. ಹಿಂದೆಂದೂ ಕೋರಂ ಕಾಣದ ಸಭೆಗೆ ಅಂದು ಕುರ್ಚಿ ಸಾಲಲಿಲ್ಲ. ತಮ್ಮನ್ನು ಹಿಡಿದು ಬೇರೆಡೆ ಬಿಡಬೇಕೆಂಬ ಅರ್ಜಿಗೆ ಕಾಲು ಗಂಟೆಯಲ್ಲಿ ಮೂರೂ ಊರಿನವರು ಸಹಿ ಹಾಕಿದರು, ಮೊದಲ ಸಹಿ ಹಾಲೇಶರದು. ಮೂರು ಊರುಗಳ ಸಹಕಾರಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ನನ್ನ ನೆನಪಿನಲ್ಲಿಲ್ಲ.

ಅರ್ಜಿಯ ಮೇರೆಗೆ ಅರಣ್ಯಾಧಿಕಾರಿ ಸುನಂದಾ ಅವರು ಬಲೆ ಮತ್ತು ಸಿಬ್ಬಂದಿಯೊಡನೆ ಬಂದು ನಾಲ್ಕು ದಿನ ತಮ್ಮನ್ನು ಹುಡುಕಿದರು. ದಂಡೆಯ ಮೇಲೆ ಕೂತು ಬಾಲದ ಗುರುತನ್ನು ಬಹಳ ಹೊತ್ತು ನೋಡಿ ಅವರು ಬೂದೆಮ್ಮನನ್ನು ಕೇಳಿದರು: "ಬಾಲದ ಗುರ್ತು ಛಲೋ ಅದ ಯವ್ವಾ. ಆದರ ಮೊಸಳಿ ಮುಂದ ಚಪ್ಪಲಿ ಹಾಕ್ಕೊಂಡು ಯಾರು ಹೋಗ್ಯಾರ?"

"ಪಾಪ, ಅದಕ್ಕೂ ಜೀವಕ್ಕ ಜೋಡಿ ಬೇಕಲ್ರೀ," ಎಂದಳು ಬೂದೆಮ್ಮ.

ಸುನಂದಾ ಅವರು ನಗಲಿಲ್ಲ. 'ಮೊಸಳೆ ಕಂಡುಬಂದಿಲ್ಲ. ಗುರುತುಗಳನ್ನು ಇನ್ನಷ್ಟು ದಿನ ಗಮನಿಸಬೇಕು. ಅಲ್ಲಿಯವರೆಗೆ ಯಾರೂ ನೀರಿಗಿಳಿಯದಿರುವುದು ಒಳಿತು' ಎಂದು ವರದಿ ಬರೆದು ಹೋದರು. ಸಮಿತಿಯವರು ವರದಿಯ ಮೊದಲ ವಾಕ್ಯದ ಮುಂದೆ ಓದಲಿಲ್ಲ. ಬರುವ ಸೋಮವಾರ ಎಲ್ಲರೂ ಮಡುವಿಗೇ ಬಂದು ನೋಡುವುದೆಂದೂ, ಹೊಸ ಗುರುತು ಇಲ್ಲದಿದ್ದರೆ ಅಂದೇ ಟ್ರ್ಯಾಕ್ಟರುಗಳಿಗೆ ದಾರಿ ತೆರವು ಎಂದೂ ತೀರ್ಮಾನವಾಗಿದೆ. ಗಬ್ಬೂರು ಕ್ರಾಸಿನಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವ ನಮ್ಮ ರಾಯಚೂರಿನ ಗುಲಾಮ್ ದಸ್ತಗೀರ್ ನನಗೆ ಫೋನು ಮಾಡಿ ತಿಳಿಸಿದ: "ಸಾಹೇಬ್ರ, ನಿಂತ ಟ್ರಾಲಿಗಳೆಲ್ಲ ಗಾಳಿ ಹಾಕಿಸಾಕತ್ತಾವ."

ಟ್ರಾಲಿ ಇಳಿದರೆ ಉಸುಕು ಹೋಗುತ್ತದೆ. ಉಸುಕು ಹೋದರೆ ಒರತೆ ಹೋಗುತ್ತದೆ. ಆಮೇಲೆ ಮಡು ಎಂಬುದು ನಕಾಶೆಯಲ್ಲಿ ಉಳಿಯುತ್ತದೆ, ನಕಾಶೆಯನ್ನು ಹಿಂಡಿ ಎಂಬತ್ತು ಕುರಿಗಳಿಗೆ ನೀರು ಕುಡಿಸುವ ವಿದ್ಯೆ ನನಗೆ ಬಾರದು.

ಆದ್ದರಿಂದ ತಮ್ಮನ್ನು ಖುದ್ದಾಗಿ ಕಂಡು ವಿನಂತಿಸಲು ಕಳೆದ ಗುರುವಾರ ಸೂರ್ಯ ಹುಟ್ಟುವ ಮೊದಲೇ ಮಡುವಿಗೆ ಹೋದೆ. ತಾವಿರಲಿಲ್ಲ. ಆದರೆ ದಂಡೆಯ ಮೇಲೆ ಹೊಸದಾಗಿ ಮೂರು ಬಾಲಗಳ ಗುರುತುಗಳಿದ್ದವು. ಒಂದರ ಕೊನೆಯಲ್ಲಿ ಬೂದೆಮ್ಮ ಹೊಲ ಸಮಮಾಡುವ ಕೊರಡಿಗೆ ಹಗ್ಗ ಕಟ್ಟಿ ನಿಂತಿದ್ದಳು. ಇನ್ನೊಂದರ ಕೊನೆಯಲ್ಲಿ ಗುಲಾಮ್ ದಸ್ತಗೀರ್ ಒಂದು ಹಳೆಯ ಟ್ರ್ಯಾಕ್ಟರ್ ಟೈರನ್ನು ಎಳೆಯುತ್ತಿದ್ದ. ಅವನ ಮೊಸಳೆಗೆ ಬಾಲದ ತುಂಬ ಟೈರಿನ ಗೆರೆಗಳು. ಕಲ್ಲೂರಿನ ಕಡೆಯಿಂದ ಬಂದ ಮೂರನೆಯ ಗುರುತಿನ ತುದಿಯಲ್ಲಿ, ಹೊಟ್ಟು ತುಂಬಿದ ಚೀಲವೊಂದನ್ನು ಎಳೆದು ಏದುಸಿರು ಬಿಡುತ್ತ ನಿಂತಿದ್ದವರು ಸಾಕ್ಷಾತ್ ಹಾಲೇಶ ಅವರು. ಈ ಕೆಲಸ ಮಾಡುತ್ತಿರುವುದು ತಾನು ಮಾತ್ರವೆಂದು ಮೂವರೂ ತಿಳಿದಿದ್ದರು.

"ಧಣೇರು ಇಷ್ಟು ಲಗೂನ ಎದ್ದು ಬಂದೀರಲ್ಲ?" ಎಂದಳು ಬೂದೆಮ್ಮ.

"ವಾಕಿಂಗ್ ಬಂದೀನವಾ."

"ಚೀಲಾನೂ ವಾಕಿಂಗಿಗೆ ಬಂದದೇನ್ರೀ?" ಎಂದ ದಸ್ತಗೀರ್.

ಹಾಲೇಶರು ನನ್ನನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು: "ನಮ್ಮ ಮನಿ ಬಾವ್ಯಾಗ ನೀರು ಬಂದಾವರೀ. ನಮ್ಮವ್ವ ಇಪ್ಪತ್ತು ವರ್ಷ ಆದಮ್ಯಾಲ ತನ್ನ ಬಾವಿ ನೀರು ಕುಡದಾಳ. ಯಾರ ಮುಂದೂ ಹೇಳಬ್ಯಾಡ್ರಿ, ಅರ್ಜಿ ಮ್ಯಾಲ ಮೊದಲ್ನೇ ಸಹಿ ನಂದೇ ಅದ." ಯಾರ ಮುಂದೆಯೂ ಹೇಳುವುದಿಲ್ಲವೆಂದು ಮಾತು ಕೊಟ್ಟೆ. ಹಾಗಾಗಿ ಹೇಳಿಲ್ಲ, ಬರೆದಿದ್ದೇನೆ. ಸಮಿತಿಯವರು ಓದಿಯಾರೆಂಬ ಅಂಜಿಕೆ ನನಗಿಲ್ಲ, ಸಭೆಯ ನಡಾವಳಿಯನ್ನೇ ಅವರು ಓದಿದ್ದಿಲ್ಲ.

ಮೊಸಳೆಯ ಹೆಸರಿನಲ್ಲಿ ಮಡು ಕಾಯುವ ಮೂರು ಕಡೆಯವರು ತಂತಮ್ಮ ಹೆಸರಿನಲ್ಲೇ ಕಾಯಬಹುದಲ್ಲವೇ, ಎಪ್ಪತ್ತೆರಡರಲ್ಲಿ ಕಾದಿರಲಿಲ್ಲವೇ ಎಂದು ನಾನು ಕೇಳಿದೆ. ಬೂದೆಮ್ಮ ಹಗ್ಗ ಸುತ್ತುತ್ತ ಹೇಳಿದಳು: "ಆವಾಗ ಮಂದಿಗೆ ಮಂದಿ ಅಂಜತಿದ್ರರೀ ಯಪ್ಪಾ. ಈಗ ನಮಗ್ಯಾರು ಅಂಜತಾರ?"

ಇದಕ್ಕೆ ಉತ್ತರ ತಮ್ಮ ಬಳಿ ಇರಬಹುದೆಂದು ಈ ಕೆಳಗಿನ ಬೇಡಿಕೆಗಳನ್ನು ಸಲ್ಲಿಸುತ್ತಿದ್ದೇನೆ. ತಾವು ಸೋಮವಾರ ಬೆಳಗ್ಗೆ ಹತ್ತಕ್ಕೆ, ಅನುಕೂಲವಿದ್ದರೆ, ಅರ್ಧ ಗಂಟೆಯ ಮಟ್ಟಿಗೆ ಇರಬೇಕು. ಯಾರನ್ನೂ ಕಚ್ಚುವ ಅಗತ್ಯವಿಲ್ಲ, ಒಮ್ಮೆ ಆಕಳಿಸಿದರೆ ಸಾಕು. ಅದು ಸಾಧ್ಯವಾಗದಿದ್ದಲ್ಲಿ ಕೃಷ್ಣಾ ಹೊಳೆಯಲ್ಲಿರುವ ತಮ್ಮ ಬಂಧುಗಳ ಪೈಕಿ ಯಾರನ್ನಾದರೂ ಎರವಲು ಸೇವೆಯ ಮೇಲೆ ಕಳುಹಿಸಬೇಕು. ಮತ್ತು ಖಾಲಿ ಬಿದ್ದಿರುವ ಜಂಟಿ ಸಮಿತಿಯ ಅಧ್ಯಕ್ಷ ಪದವಿಯನ್ನು ಒಪ್ಪಿಕೊಳ್ಳಬೇಕು. ಮಡುವಿನ ಬಳಿ ಎಂದೂ ಕಾಣಿಸಿಕೊಳ್ಳದಿರುವುದು ಆ ಪದವಿಗೆ ಅಡ್ಡಿಯಲ್ಲವೆಂದು ಹಿಂದಿನ ಮೂವರು ಅಧ್ಯಕ್ಷರು ಸಾಬೀತುಪಡಿಸಿದ್ದಾರೆ.

ತಮ್ಮ ಒಪ್ಪಿಗೆಯನ್ನು ಕಾಯದೆ ಒಂದು ಕೆಲಸ ಮಾಡಿದ್ದೇವೆ. ಇನ್ನು ಮುಂದೆ ತಮ್ಮ ಬಾಲವನ್ನು ಎರಡೆರಡು ದಿನದಂತೆ ಗಬ್ಬೂರು, ಕಲ್ಲೂರು ಮತ್ತು ರಾಯಚೂರಿನ ಕಡೆಯವರು ಪಾಳಿಯ ಮೇಲೆ ಎಳೆಯುವುದೆಂದು ದಂಡೆಯ ಮೇಲೆಯೇ ಮಾತಾಗಿದೆ. ಯಾರೂ ಬರೆದಿಟ್ಟಿಲ್ಲ.

ತಮ್ಮ ಅಸ್ತಿತ್ವವನ್ನು ಮನಸಾರೆ ಹಾರೈಸುವ,
ತಮ್ಮ ವಿಶ್ವಾಸಿ,
ಪ್ರಭುರಾಜ
ರಾಯಚೂರು

ಮರೆತಿದ್ದು: ಆರು ದಿನದ ಪಾಳಿ ಮೂರು ಕಡೆಯವರಿಗೆ ಹಂಚಿ, ಉಳಿದ ಸೋಮವಾರವನ್ನು ನಾನು ಇಟ್ಟುಕೊಂಡಿದ್ದೇನೆ. ಬೂದೆಮ್ಮ ಕೊರಡು ಕೊಡುತ್ತಾಳೆ, ಚಪ್ಪಲಿಯನ್ನು ಮನೆಯಲ್ಲೇ ಬಿಟ್ಟು ಬರುತ್ತೇನೆ. ಒಂದು ವೇಳೆ ತಾವು ನಿಜವಾಗಿಯೂ ಇರುವುದಾದರೆ, ನಾನು ಎಳೆದು ಮುಗಿಸುವವರೆಗೆ ದಯವಿಟ್ಟು ನೀರಿನಿಂದ ಹೊರಗೆ ಬರಬೇಡಿ.