ನಮ್ಮ ಮಾವನ ಭೂತ ನೋಟಿಸು ಕೊಡುತ್ತದೆ

ನಮ್ಮ ಸೋದರಮಾವ ಇದುವರೆಗೆ ಹನ್ನೊಂದು ಮಕ್ಕಳ ನೆರಳು ಕಿತ್ತುಕೊಂಡಿದ್ದಾರೆ. ಮೂವರ ನಾಲಿಗೆಯನ್ನು ಕಾಂಪೌಂಡ್ ಗೋಡೆಗೆ ಅಂಟಿಸಿದ್ದಾರೆ. ಒಬ್ಬ ಹುಡುಗನನ್ನಂತೂ ಅವನ ಸ್ವಂತ ಸ್ಕೂಲ್ ಬ್ಯಾಗಿನೊಳಗೇ ತುರುಕಿ ಜಿಪ್ ಎಳೆದುಬಿಟ್ಟಿದ್ದಾರೆ, ಇವತ್ತಿಗೂ ತೆಗೆದಿಲ್ಲ. ಇಷ್ಟಾದರೂ ಬಸವೇಶ್ವರನಗರದ ಅವರ ಬೀದಿಯಲ್ಲಿ ವಿಚಾರಿಸಿ ನೋಡಿ, "ದೇವರಂಥ ಮನುಷ್ಯ" ಅಂತಲೇ ಹೇಳುತ್ತಾರೆ! ಯಾಕೆಂದರೆ ಈ ಘೋರ ಕೃತ್ಯಗಳೆಲ್ಲ ನಡೆದಿರುವುದು ಅವರು ಮಕ್ಕಳಿಗಾಗಿ ಬರೆದ ಕಾದಂಬರಿಯಲ್ಲಿ. ನಿಜಜೀವನದಲ್ಲಿ ನಮ್ಮ ಮಾವ ಜಿರಳೆಯನ್ನೂ ಮೊರದಲ್ಲಿ ಎತ್ತಿಕೊಂಡು ಹೋಗಿ ಗೇಟಿನಾಚೆ ಬಿಟ್ಟು "ಹೋಗಪ್ಪ" ಅನ್ನುವ ಪೈಕಿ.

ಇಂಥವರು ಭೂತದ ಸಹವಾಸಕ್ಕೆ ಯಾಕೆ ಬಿದ್ದರು ಅಂತ ಕೇಳುತ್ತೀರಾ? ಅದಕ್ಕೆ ಅವರ ಆಫೀಸೇ ಕಾರಣ. ಮಾವ ಮೂವತ್ತಮೂರು ವರ್ಷ ಒಂದು ಸರ್ಕಾರಿ ಕಚೇರಿಯ ಶಿಸ್ತು ವಿಭಾಗದಲ್ಲಿದ್ದರು. ಯಾರಾದರೂ ನೌಕರ ತಪ್ಪು ಮಾಡಿದರೆ ಕಾರಣ ಕೇಳುವ ನೋಟಿಸು ಬರೆಯುವುದು, ಆರೋಪ ಪಟ್ಟಿ ತಯಾರಿಸುವುದು, ಶಿಕ್ಷೆಗೆ ಶಿಫಾರಸು ಮಾಡುವುದು ಇವರ ಕೆಲಸ. ಅಕ್ಷರ ಮುತ್ತಿನಂಥದು, ಭಾಷೆ ಮಾತ್ರ ಕಬ್ಬಿಣದ ಕಡಲೆ. ಕಡತ ಮೇಲಕ್ಕೆ ಹೋಗುತ್ತಿತ್ತು, ಅಲ್ಲಿ ವರ್ಷಗಟ್ಟಲೆ ಧೂಳು ತಿಂದು ಕೆಳಗೆ ಬರುತ್ತಿತ್ತು. ಬರುವಾಗ ಅದರ ಮೇಲೆ ಒಂದೇ ಸಾಲು: "ಎಚ್ಚರಿಕೆ ನೀಡಿ ಮುಕ್ತಾಯಗೊಳಿಸಿದೆ." ಆರು ತಿಂಗಳು ಕಚೇರಿಯ ಕಡೆ ತಲೆಯೇ ಹಾಕದವನಿಗೆ ಎಚ್ಚರಿಕೆ. ಕಚೇರಿಯ ಫ್ಯಾನನ್ನು ಬಿಚ್ಚಿಕೊಂಡು ಹೋಗಿ ಮನೆಯಲ್ಲಿ ತಗುಲಿಹಾಕಿಕೊಂಡವನಿಗೂ ಎಚ್ಚರಿಕೆ. ಮಾವ ನಿವೃತ್ತರಾದ ದಿನ ವೇದಿಕೆಯ ಮೇಲೆ ಇವರಿಗೆ ಶಾಲು ಹೊದಿಸಿ, "ಶಿಸ್ತಿನ ಸಿಪಾಯಿ" ಎಂದು ಹೊಗಳಿದವನು ಇದೇ ಫ್ಯಾನಿನ ಮಹಾಶಯ. ಅಷ್ಟು ಹೊತ್ತಿಗೆ ಅವನು ಇವರ ಮೇಲಧಿಕಾರಿಯಾಗಿದ್ದ!

"ಮೂವತ್ತಮೂರು ವರ್ಷ ಶಿಕ್ಷೆ ಬರೆದೆ ಕಣೇ, ಒಬ್ಬನಿಗೂ ಆಗ್ಲಿಲ್ಲ," ಅಂದರು ಆವತ್ತು ಮನೆಗೆ ಬಂದು ನನ್ನ ಹತ್ತಿರ, ಶಾಲನ್ನು ಕುರ್ಚಿಯ ಮೇಲೆ ಬಿಸಾಕಿ. "ತಪ್ಪು ಮಾಡಿದ್ರೆ ಏನೋ ಒಂದು ಆಗುತ್ತೆ ಅನ್ನೋ ಭಯವೇ ಇಲ್ಲ ಜನಕ್ಕೆ. ದೊಡ್ಡವರನ್ನ ತಿದ್ದೋ ಕಾಲ ಮುಗೀತು. ಇನ್ನೇನಿದ್ರೂ ಮಕ್ಕಳಿಂದ ಶುರು ಮಾಡ್ಬೇಕು."

ಬೇರೆಯವರಾದರೆ ನಿವೃತ್ತಿಯ ನಂತರ ಪಾರ್ಕು ಸುತ್ತುತ್ತಾರೆ, ಯೋಗ ಮಾಡುತ್ತಾರೆ, ವಾಟ್ಸಾಪಿನಲ್ಲಿ ಊರಿಗೆಲ್ಲ ಶುಭೋದಯ ಹೇಳುತ್ತಾರೆ. ನಮ್ಮ ಮಾವ ಕಾದಂಬರಿ ಹಿಡಿದರು.

ಹೆಸರು 'ಅಸ್ತು ಇಲಾಖೆ'. ಮುಸ್ಸಂಜೆ ಹೊತ್ತಿನಲ್ಲಿ ಕೆಟ್ಟ ಮಾತಾಡಬೇಡ, ಮೇಲೆ ಅಸ್ತು ದೇವತೆಗಳು ಓಡಾಡ್ತಿರ್ತಾರೆ, ಅವರು ಅಸ್ತು ಅಂದುಬಿಟ್ಟರೆ ಹಾಗೇ ಆಗಿಹೋಗುತ್ತೆ ಅಂತ ನಮ್ಮನ್ನೆಲ್ಲ ಚಿಕ್ಕಂದಿನಲ್ಲಿ ಗದರಿಸಿದ್ದಾರಲ್ಲ, ಅದೇ ಕಥೆಯ ಬೀಜ. ಆದರೆ ಮಾವನಿಗೆ ಈ ವ್ಯವಸ್ಥೆಯಲ್ಲಿ ಒಂದು ಆಡಳಿತಾತ್ಮಕ ಲೋಪ ಕಾಣಿಸಿತು. ದೇವತೆಗಳು ಅಸ್ತು ಅಂದು ಮುಂದಕ್ಕೆ ಹೋಗುತ್ತಾರೆ, ಸರಿ. ಅದನ್ನು ಜಾರಿ ಮಾಡುವವರು ಯಾರು? ಹಾಗಾಗಿ ಮಾವ ಒಂದು ಭೂತವನ್ನು ನೇಮಕ ಮಾಡಿದರು. ಅದು ಮನೆಯ ಮೇಲಿನ ನೀರಿನ ಟ್ಯಾಂಕಿನೊಳಗೆ ವಾಸ. ಮಸಿಯ ಬಣ್ಣ, ಕಂಕುಳಲ್ಲಿ ಕಡತ. ಅದು ಕಿರುಚುವುದಿಲ್ಲ, ಕೋರೆಹಲ್ಲು ತೋರಿಸುವುದಿಲ್ಲ, ಕತ್ತಲಲ್ಲಿ ಕಾಲು ಹಿಡಿದು ಎಳೆಯುವುದೂ ಇಲ್ಲ. ನೋಟಿಸು ಕೊಡುತ್ತದೆ!

"ವಿಷಯ: ತಮ್ಮ ನೆರಳನ್ನು ಮುಟ್ಟುಗೋಲು ಹಾಕಿಕೊಳ್ಳುವ ಬಗ್ಗೆ. ಉಲ್ಲೇಖ: ಕಳೆದ ಮಂಗಳವಾರ ಸಂಜೆ ಆರೂಕಾಲಕ್ಕೆ ತಾವು ತಮ್ಮ ತಂಗಿಯನ್ನು ಉದ್ದೇಶಿಸಿ ಆಡಿದ ಮಾತು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಾವು 'ನೀನು ಹಾಳಾಗಿ ಹೋಗು' ಎಂದು ನುಡಿದಿರುವುದು ಮೇಲ್ನೋಟಕ್ಕೆ ಕಂಡುಬಂದಿರುತ್ತದೆ. ಈ ನೋಟಿಸು ತಲುಪಿದ ಮೂರು ದಿನಗಳೊಳಗಾಗಿ ಸಮಜಾಯಿಷಿ ನೀಡತಕ್ಕದ್ದು. ತಪ್ಪಿದಲ್ಲಿ ತಮ್ಮ ಹೇಳಿಕೆ ಏನೂ ಇಲ್ಲವೆಂದು ಭಾವಿಸಿ ನೆರಳನ್ನು ಕೀಳಲಾಗುವುದು."

ಈ ಮಹಾಕೃತಿಯನ್ನು ಟೈಪ್ ಮಾಡುವ ಭಾಗ್ಯ ವಿಜಯನಗರದಲ್ಲಿ ನೆಮ್ಮದಿಯಾಗಿದ್ದ ನನ್ನ ಪಾಲಿಗೆ ಬಂತು. ತಡೆಯಲಾರದೆ ಕೇಳಿದೆ, "ಮಾವ, ಭೂತ ಮೂರು ದಿನ ಟೈಮ್ ಕೊಡುತ್ತಾ?"

"ಮತ್ತೆ? ಸಹಜ ನ್ಯಾಯ ಅಂತ ಒಂದಿದೆ ಕಣೇ. ಹೇಳಿಕೆ ಕೊಡೋಕೆ ಅವಕಾಶ ಕೊಡ್ದೆ ಕಿತ್ಕೊಂಡ್ರೆ ಅದು ಭೂತ ಅಲ್ಲ, ರೌಡಿ."

ಬರೆದದ್ದನ್ನು ಮಕ್ಕಳ ಮೇಲೆ ಪ್ರಯೋಗಿಸಬೇಕಲ್ಲ? ಭಾನುವಾರ ಬೆಳಿಗ್ಗೆ ಬೀದಿಯ ಮಕ್ಕಳನ್ನೆಲ್ಲ ಮನೆಯ ಮುಂದಿನ ಕಟ್ಟೆಯ ಮೇಲೆ ಕೂರಿಸಿ, ಅತ್ತೆ ಮಾಡಿದ ಕೋಡುಬಳೆಯ ಲಂಚ ಕೊಟ್ಟು, ಮಾವ ದನಿ ತಗ್ಗಿಸಿ ಓದಿದರು. ನೆರಳು ಕೀಳುವ ಜಾಗ ಬಂದಾಗ ನನಗೇ ಒಂಚೂರು ಮೈ ಜುಮ್ಮೆಂದಿತು, ಸುಳ್ಳೇಕೆ ಹೇಳಲಿ. ಒಬ್ಬ ಹುಡುಗ ಕೋಡುಬಳೆ ಮುರಿಯುತ್ತ ಕೇಳಿದ, "ತಾತ, ನೆರಳು ಹೋದ್ರೆ ಏನ್ ಲಾಸು?" ಇನ್ನೊಬ್ಬ, "ನೆರಳು ಹೋದ್ರೆ ಔಟ್ ತಾನೆ? ಔಟ್ ಆದ್ಮೇಲೂ ಆಡೋಕೆ ಬಿಡ್ತಾರಾ?" ಅಂದ. ಮೂರನೆಯವಳು ತನಗೂ ಒಂದು ನೋಟಿಸು ಬೇಕೆಂದು ಹಟ ಹಿಡಿದಳು. ಮಾವ ಬರೆದುಕೊಟ್ಟರು. ಮರುದಿನಕ್ಕೆ ಬೀದಿಯ ಅಷ್ಟೂ ಮಕ್ಕಳಿಗೆ ನೋಟಿಸು ಬೇಕಾಯಿತು. ಅವು ಫ್ರಿಜ್ಜಿನ ಬಾಗಿಲ ಮೇಲೆ ಅಂಟಿಕೊಂಡವು, ಎರಡು ಸಣ್ಣ ನೋಟಿಸಿಗೆ ಒಂದು ದೊಡ್ಡದು ಎಂದು ಅದಲು ಬದಲಾದವು. ಎದುರುಮನೆಯಾಕೆಯಂತೂ ಬಂದು, "ಅಂಕಲ್, ನಮ್ಮನೆಯವರಿಗೂ ಒಂದು ಬರ್ಕೊಡಿ, ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕ್ತಾರೆ," ಎಂದು ಕೇಳಿದರು.

ಮಾವ ಕುಗ್ಗಲಿಲ್ಲ. ಹಸ್ತಪ್ರತಿ ಹಿಡಿದು ರಾಜಾಜಿನಗರದ ಒಬ್ಬ ಪ್ರಕಾಶಕರ ಬಳಿ ಹೋದರು, ಜೊತೆಗೆ ನಾನು. ಪ್ರಕಾಶಕರು ತಿರುವಿ ನೋಡಿ, "ಚೆನ್ನಾಗಿದೆ ಸಾರ್. ಆದ್ರೆ ಕೊನೇಲಿ ಹುಡುಗ ಕ್ಷಮೆ ಕೇಳ್ಲಿ, ನೆರಳು ವಾಪಸ್ ಬರ್ಲಿ. ಮಕ್ಕಳ ಪುಸ್ತಕ ತಗೊಳ್ಳೋದು ಪೇರೆಂಟ್ಸು ನೋಡಿ," ಅಂದರು.

"ಕ್ಷಮೆ ಕೇಳಿದ್ರೆ ವಾಪಸ್ ಕೊಡೋದಾದ್ರೆ ಕಿತ್ಕೊಳ್ಳೋದ್ಯಾಕೆ ಸ್ವಾಮಿ? ಮೂವತ್ತಮೂರು ವರ್ಷ ನಮ್ಮ ಆಫೀಸಲ್ಲಿ ಅದನ್ನೇ ಮಾಡಿದ್ದು," ಎಂದು ಮಾವ ಹಾಳೆಗಳನ್ನು ಜೋಡಿಸಿಕೊಂಡು ಎದ್ದೇಬಿಟ್ಟರು.

ಕೊನೆಗೆ ಜ್ಞಾನಭಾರತಿಯ ಹತ್ತಿರ ಒಂದು ಜೆರಾಕ್ಸ್ ಅಂಗಡಿ ಹಿಡಿದರು. ವಿದ್ಯಾರ್ಥಿಗಳ ಪಿಎಚ್.ಡಿ. ಪ್ರಬಂಧಗಳಿಗೆ ರಟ್ಟು ಕಟ್ಟಿ ಕಟ್ಟಿ ಪಳಗಿದ ಅಂಗಡಿ ಅದು. ತಲೆಯೆಲ್ಲ ನೆರೆತ ವ್ಯಕ್ತಿ, ನೂರೆಂಬತ್ತು ಪುಟ, ಹೆಸರಿನಲ್ಲಿ ಇಲಾಖೆ ಬೇರೆ. ಅಂಗಡಿಯವನು ಇದೂ ಪ್ರಬಂಧವೆಂದೇ ತಿಳಿದುಕೊಂಡ. "ಸಾರ್, ಗೈಡ್ ಹೆಸರು ಕೊಡಿ. ಇಲ್ದಿದ್ರೆ ಯೂನಿವರ್ಸಿಟೀಲಿ ತಗೊಳ್ಳಲ್ಲ," ಅಂದ. ಮಾವ ಎರಡು ನಿಮಿಷ ಯೋಚಿಸಿ ಅತ್ತೆಯ ಹೆಸರು ಕೊಟ್ಟರು. ವಾರದ ಮೇಲೆ ಇಪ್ಪತ್ತು ಪ್ರತಿ ಬಂದವು. ಕಪ್ಪು ರೆಕ್ಸಿನ್ ರಟ್ಟು, ಚಿನ್ನದ ಬಣ್ಣದ ಅಕ್ಷರ: 'ಅಸ್ತು ಇಲಾಖೆ: ಒಂದು ಅಧ್ಯಯನ'. 'ಒಂದು ಅಧ್ಯಯನ' ಅಂಗಡಿಯವನ ಸ್ವಂತ ಕಾಣಿಕೆ!

"ಇರ್ಲಿ ಬಿಡು, ಗಂಭೀರವಾಗಿ ಕಾಣುತ್ತೆ," ಅಂದರು ಮಾವ.

ಆ ಇಪ್ಪತ್ತು ಪ್ರತಿ ಬೀದಿಯ ಮನೆಮನೆಗೂ ಹೋದ ಮೇಲೆ ಒಂದು ವಿಚಿತ್ರ ನಡೆಯಿತು. ಮಕ್ಕಳು ಹೆದರಲಿಲ್ಲ, ದೊಡ್ಡವರು ಹೆದರಿದರು. ಪಕ್ಕದ ಮನೆಯ ಅತ್ತೆ-ಸೊಸೆ ಪ್ರತಿದಿನ ಸಂಜೆ ಆರಕ್ಕೆ ಸರಿಯಾಗಿ ಜಗಳ ಶುರು ಮಾಡುತ್ತಿದ್ದರು. ಪುಸ್ತಕ ಓದಿದ ಮೇಲೆ ಜಗಳವನ್ನು ಎಂಟು ಗಂಟೆಗೆ ಮುಂದೂಡಿದರು. ಬೀದಿ ಕೊನೆಯ ಸೈಟು ವ್ಯಾಪಾರಿ ಆರರಿಂದ ಏಳರವರೆಗೆ ಗಿರಾಕಿಗಳ ಫೋನನ್ನೇ ಎತ್ತದಂತಾದ. ಆ ಹೊತ್ತಿನಲ್ಲಿ ಸುಳ್ಳು ಹೇಳುವಂತಿಲ್ಲ, ಸುಳ್ಳು ಹೇಳದೆ ಸೈಟು ಮಾರುವುದು ಹೇಗೆ? ಜನ ಕೆಟ್ಟದ್ದನ್ನು ಬಿಡಲಿಲ್ಲ, ಟೈಮು ಬದಲಾಯಿಸಿಕೊಂಡರು ಅಷ್ಟೆ. ನನಗೆ ನಗು ತಡೆಯಲಾಗಲಿಲ್ಲ.

ಮಾವನಿಗೆ ಮಾತ್ರ ಒಳಗೊಳಗೇ ಸಂಕಟ. "ಇವರು ಹೆದರಿ ಏನು ಬಂತು? ಒಂದೇ ಒಂದು ಮಗು ಹೆದರಿದ್ರೆ ಸಾಕಿತ್ತು ಕಣೇ. ನನ್ನ ಸರ್ವಿಸು ಸಾರ್ಥಕ ಅಂದ್ಕೋತಿದ್ದೆ," ಅನ್ನುತ್ತಿದ್ದರು.

ಒಂದು ಶನಿವಾರ ಫೋನು ಬಂತು. "ಹೆದರಿದಾಳೆ ಕಣೇ," ಅಂದರು ಮಾವ. ದನಿಯಲ್ಲಿ ಹಬ್ಬ. "ನಮ್ಮ ಮಹಡಿ ಮನೆ ಸಿಂಚನ. ಸಂಜೆ ಆದ್ರೆ ಬಾಯಿಗೆ ಕೈ ಅಡ್ಡ ಇಟ್ಕೊಂಡು ಕೂತ್ಕೋತಾಳಂತೆ, ಏಳರವರೆಗೆ ತುಟಿ ಪಿಟಕ್ ಅನ್ನಲ್ವಂತೆ. ಅವರಮ್ಮ ಬಂದು ಹೇಳಿದ್ರು. ನಾಳೆ ಬಾ, ನೀನೂ ಮಾತಾಡ್ಸುವಂತೆ."

ಸಿಂಚನ ಐದನೆಯ ಕ್ಲಾಸಿನ ಹುಡುಗಿ. ಮಾವನ ಮಹಡಿಯಲ್ಲಿ ಅವಳ ಅಪ್ಪ ಅಮ್ಮ ಬಾಡಿಗೆಗಿದ್ದಾರೆ. ಅವರ ಜೊತೆಯಲ್ಲೇ ಇದ್ದ ಅಜ್ಜಿ ಎರಡು ತಿಂಗಳ ಹಿಂದೆ ಶ್ವಾಸಕೋಶದ ಕಾಯಿಲೆಯಿಂದ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಆಗಲೂ ಹುಡುಗಿ ಅತ್ತಿರಲಿಲ್ಲವಂತೆ. ಭಾನುವಾರ ಹತ್ತು ಗಂಟೆಗೆ ನಾನು ಹೋಗುವಷ್ಟರಲ್ಲಿ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಓದುಗರನ್ನು ಎದುರುಗೊಳ್ಳುವ ಲೇಖಕರಾಗಿ ಕೂತಿದ್ದರು. ಹುಡುಗಿ ಕಪ್ಪು ಪುಸ್ತಕವನ್ನು ಎದೆಗೆ ಅವುಚಿಕೊಂಡು ಮೆಟ್ಟಿಲಿಳಿದು ಬಂದಳು.

"ಯಾವ ಅಧ್ಯಾಯ ಓದಿ ಹೆದರಿದೆ ಪುಟ್ಟಿ?" ಅಂದರು ಮಾವ.

"ತಾತ, ನನಗೆ ನೋಟಿಸು ಯಾವಾಗ ಬರುತ್ತೆ?" ಅಂದಳು ಅವಳು.

"ನಿನಗ್ಯಾಕೆ?"

"ಅಜ್ಜಿ ಕೆಮ್ತಾ ಇದ್ರು. ನಂಗೆ ಮಾರನೇ ದಿನ ಪರೀಕ್ಷೆ ಇತ್ತು. ಎಲ್ಲಾದ್ರೂ ಹೋಗ್ಬಿಡು ಅಜ್ಜಿ ಅಂದ್ಬಿಟ್ಟೆ. ಸಂಜೇನೇ ಅಂದೆ, ಇನ್ನೂ ದೀಪ ಹಚ್ಚಿರ್ಲಿಲ್ಲ. ಹತ್ತು ದಿನಕ್ಕೆ ಅಜ್ಜಿ ಹೋಗ್ಬಿಟ್ರು." ಅವಳು ಅಳುತ್ತಿರಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳುವವರ ಹಾಗೆ ಕೇಳಿದಳು, "ಮೂರು ದಿನ ಟೈಮ್ ಕೊಡ್ತಾರಲ್ವಾ? ನಾನು ಏನಂತ ಬರೀಬೇಕು?"

ಮಾವನ ಮುಖದ ಹಬ್ಬ ಇಳಿದುಹೋಯಿತು. "ಅದು ಕಥೆ ಕಣಮ್ಮ. ಸುಮ್ನೆ ನಾನು ಕಟ್ಟಿದ ಕಥೆ," ಅಂದರು.

"ಒಂದು ಅಧ್ಯಯನ ಅಂತ ಇದೆಯಲ್ಲ ತಾತ," ಎಂದು ಅವಳು ರಟ್ಟು ತೋರಿಸಿದಳು.

ನನಗೆ ಮಾವನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಎರಡು ತಿಂಗಳಿಂದ ಆ ಮಗು ಹೇಗೋ ನುಂಗಿಕೊಂಡಿದ್ದ ಮಾತು, ಅದಕ್ಕೆ ಇವರು ವಿಷಯ, ಉಲ್ಲೇಖ ಸಮೇತ ಸಾಕ್ಷಿ ಒದಗಿಸಿದ್ದರು. ಮಾವ ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಬಿಳಿ ಹಾಳೆ, ಪೆನ್ನು! ಇಷ್ಟಾದ ಮೇಲೂ ನೋಟಿಸು ಬರೆಯುತ್ತಾರಾ ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಹುಡುಗಿಯನ್ನು ಎದುರಿನ ಕುರ್ಚಿಯಲ್ಲಿ ಕೂರಿಸಿ ಕೇಳತೊಡಗಿದರು.

"ಅಜ್ಜಿಗೆ ಕೆಮ್ಮು ಯಾವಾಗಿಂದ ಇತ್ತು?"

"ನಾನು ಮೂರನೇ ಕ್ಲಾಸಲ್ಲಿದ್ದಾಗಿಂದ."

ಮಾವ ಬರೆದುಕೊಂಡರು. "ನೀನು ಹಾಗಂದಾಗ ಅಜ್ಜಿ ಏನ್ಮಾಡಿದ್ರು?"

"ನಕ್ಕರು."

"ಆಮೇಲೆ?"

"ಮುಸ್ಸಂಜೆ ತಲೆ ಬಾಚ್ಬಾರ್ದು, ಆದ್ರೂ ಬಾ, ನಾಳೆ ಪರೀಕ್ಷೇಲಿ ಕೂದಲು ಕಣ್ಣಿಗೆ ಬರುತ್ತೆ ಅಂತ ಜಡೆ ಹಾಕಿದ್ರು."

ಮಾವ ಅದನ್ನೂ ಬರೆದುಕೊಂಡರು. "ಎಳೆದು ಎಳೆದು ಹಾಕಿದ್ರಾ, ಮೆತ್ತಗೆ ಹಾಕಿದ್ರಾ? ಸರಿಯಾಗಿ ಜ್ಞಾಪಿಸಿಕೊಂಡು ಹೇಳು."

ಹುಡುಗಿ ಜ್ಞಾಪಿಸಿಕೊಂಡಳು. "ಮೆತ್ತಗೆ," ಅಂದಳು.

ಮಾವ ತಲೆ ಬಗ್ಗಿಸಿ ಹಾಳೆ ತುಂಬ ಬರೆದು, ಕೆಳಗೆ ಸಹಿ ಹಾಕಿ, ಗಟ್ಟಿಯಾಗಿ ಓದಿದರು. "ಆದೇಶ. ಕುಮಾರಿ ಸಿಂಚನ ಇವರ ಮೇಲಿನ ಆರೋಪವನ್ನು ಕೂಲಂಕಷವಾಗಿ ಪರಿಶೀಲಿಸಲಾಯಿತು. ಅಜ್ಜಿಯವರ ಕಾಯಿಲೆಯು ಸದರಿ ಮಾತಿಗಿಂತ ಎರಡು ವರ್ಷ ಹಿಂದಿನದಾಗಿರುತ್ತದೆ. ಸದರಿ ಮಾತನ್ನು ಕೇಳಿದ ನಂತರವೂ ಅಜ್ಜಿಯವರು ನಕ್ಕು, ಮೆತ್ತಗೆ ಜಡೆ ಹಾಕಿರುತ್ತಾರೆ. ಆದ್ದರಿಂದ ಅವರಿಗೆ ಕಿಂಚಿತ್ತೂ ಬೇಸರವಾಗಿರಲಿಲ್ಲವೆಂಬುದು ಸಂಶಯಾತೀತವಾಗಿ ಸಾಬೀತಾಗಿದೆ. ಆರೋಪವನ್ನು ಪೂರ್ತಿಯಾಗಿ ಕೈಬಿಡಲಾಗಿದೆ. ಇನ್ನು ಮುಂದೆ ಈ ಮಗುವಿಗೆ ಯಾರೂ ಯಾವ ನೋಟಿಸನ್ನೂ ಕೊಡತಕ್ಕದ್ದಲ್ಲ."

ಸಿಂಚನ ಹಾಳೆಯನ್ನು ಇಸಿದುಕೊಂಡು ಬೆರಳಿಟ್ಟು ಎರಡು ಸಲ ಓದಿದಳು. ಆಮೇಲೆ, "ಅಜ್ಜಿಗೂ ಒಂದು ಕಳಿಸಿ ತಾತ," ಅಂದಳು. "ನಾನು ಸುಮ್ನೆ ಅಂದಿದ್ದು ಅಂತ ಅವರಿಗೆ ಯಾರೂ ಹೇಳಿಲ್ಲ."

ಮಾವ ಇನ್ನೊಂದು ಹಾಳೆ ತಂದು ಮೊದಲಿನಿಂದ ಕೊನೆಯವರೆಗೆ ಒಂದಕ್ಷರ ಬಿಡದೆ ನಕಲು ಮಾಡಿದರು. ವಿಳಾಸ ಬರೆಯುವ ಜಾಗಕ್ಕೆ ಬಂದಾಗ ಕೈ ಮುಂದೆ ಹೋಗಲಿಲ್ಲ.

"ಬರೀ ಅಜ್ಜಿ ಅಂತ ಬರೀರಿ," ಅಂದಳು ಹುಡುಗಿ. "ನಂಗೆ ಅವರೊಬ್ಬರೇ ಇದ್ದಿದ್ದು."

ಮಾವ 'ಅಜ್ಜಿಗೆ' ಅಂತ ಬರೆದರು. ಬರೆದು, ಕನ್ನಡಕ ತೆಗೆದಿಟ್ಟು, ಆ ಮಗುವಿನ ಎದುರಿಗೇ ಬಿಕ್ಕಿ ಬಿಕ್ಕಿ ಅತ್ತರು. ಎರಡು ತಿಂಗಳಲ್ಲಿ ಮೊದಲ ಸಲ ಅವಳೂ ಅತ್ತಳು.